ಸೈರನ್ ಗಾಡಿಗೆ ಎಷ್ಟು ಸ್ಪೀಡ್ ಬೇಕು? ಲಕ್ಷ್ಮೇಶ್ವರದಿಂದ ಗದಗದವರೆಗಿನ ಒಂದು ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡಿನ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿದ್ದೇವೆ, ಮಾತಿನ ಧಾಟಿ ಹಾಗೇ ಇದೆ.)

ಶುರು ಮಾಡೋ ಮೊದಲು ಒಂದು ಮಾತು. ನೀವು ಈಗ ಬೈಕ್ ಓಡಿಸ್ತಾ, ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ರೆ, ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮನೆಗೆ ಹೋಗಿ ಕೇಳ್ರಿ. ಯಾಕೆ ಅನ್ನೋದು ಎಪಿಸೋಡಿನ ಕೊನೆಕೊನೆಗೆ ಬರ್ತದೆ.

ಇವತ್ತಿನ ವಿಷಯ ಆಂಬುಲೆನ್ಸ್, ಫೈರ್ ಗಾಡಿ, ಪೊಲೀಸ್ ಗಾಡಿಗಳ ಸ್ಪೀಡು. ಅವಕ್ಕೆ ಯಾವ ನಿಯಮವೂ ಇಲ್ಲ, ಎಷ್ಟು ಬೇಕಾದರೂ ಓಡಿಸಬಹುದು ಅಂತ ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ನಾನೂ ನಂಬಿದ್ದೆ. ನಾಲ್ಕು ವರ್ಷದ ಹಿಂದೆ, ಡಿಸೆಂಬರ್‌ ತಿಂಗಳ ಒಂದು ರಾತ್ರಿ, ಲಕ್ಷ್ಮೇಶ್ವರದಿಂದ ಗದಗಕ್ಕೆ ಆಂಬುಲೆನ್ಸ್‌ನ ಮುಂದಿನ ಸೀಟಿನಲ್ಲಿ ಕೂತು ಹೋಗೋವರೆಗೂ.

ಹಿಂದೆ ಸ್ಟ್ರೆಚರ್ ಮೇಲೆ ನಮ್ಮ ಮಾಮಾ. ಎದೆನೋವು. ಪಕ್ಕದ ಉದ್ದ ಸೀಟಿನ ಮೇಲೆ ನಮ್ಮ ಅತ್ತಿ, ಮಾಮಾನ ಕೈ ಹಿಡ್ಕೊಂಡು. ನಾನು ಮುಂದೆ ಕೂತು ಮೀಟರ್ ನೋಡ್ತಾ ಇದ್ದೆ. 70 ಇದ್ದಾಗ "ಅಣ್ಣಾರ, ಜರಾ ಜೋರ್ ಹೊಡೀರಿ" ಅಂದೆ. 90 ಆಯಿತು. "ಇನ್ನೊಂಚೂರು ಅಣ್ಣಾ" ಅಂದೆ. ಮಾಗಡಿ ಕೆರೆ ದಾಟಿದ ಮೇಲೆ ಮುಳ್ಳು 110 ಮುಟ್ಟಿತ್ತು. ಕೆರೆಗೆ ಆ ತಿಂಗಳಲ್ಲಿ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಬಂದಿರ್ತಾವೆ, ಹಗಲಿನಲ್ಲಿ ಆಗಿದ್ದರೆ ನಿಂತು ನೋಡಿ ಬರೋ ಜಾಗ. ಅಲ್ಲಿಂದ ಸ್ವಲ್ಪ ಮುಂದೆ, ಗೋವಿನಜೋಳ ಹೇರಿದ ಒಂದು ಟ್ರ್ಯಾಕ್ಟರ್. ಟ್ರೇಲರ್‌ಗೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ನಮ್ಮ ಹೆಡ್‌ಲೈಟಿಗೆ ಅದು ಕಂಡಾಗ ಬಹಳ ಹತ್ತಿರ ಬಂದಿದ್ದೆವು. ಚಾಲಕ ಬ್ರೇಕ್ ತುಳಿದು, ಎಡಕ್ಕೆ ಮಣ್ಣಿಗಿಳಿಸಿ, ಹೇಗೋ ಗಾಡಿ ಉಳಿಸಿದರು. ಮಾಮಾನ್ನ ಸ್ಟ್ರೆಚರ್‌ಗೆ ಪಟ್ಟಿ ಹಾಕಿ ಬಿಗಿದಿದ್ದರಿಂದ ಅವರಿಗೆ ಏನೂ ಆಗಲಿಲ್ಲ. ಅತ್ತಿಗೆ ಬೆಲ್ಟ್ ಇರಲಿಲ್ಲ. ಅವರು ಮುಂದಿನ ಪಾರ್ಟಿಷನ್‌ಗೆ ಹೋಗಿ ಬಡಿದರು. ಮಣಿಕಟ್ಟಿನ ಎಲುಬು ಮುರೀತು.

ಗಾಡಿ ಮತ್ತೆ ರಸ್ತೆಗೆ ಹತ್ತಿದ ಮೇಲೆ ಚಾಲಕ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. "ತಮ್ಮಾ, ಗಾಡಿ ಮಗ್ಗಲಾಗಿದ್ರ ನಿಮ್ಮ ಮಾಮಾನ್ನ ಹೊತ್ಕೊಂಡು ಹೋಗವ್ರು ಯಾರಿದ್ರಪಾ ಇಲ್ಲಿ?" ಅಂದರು. ಅಷ್ಟೇ. ಆಮೇಲೆ ಗದಗ ಬರೋವರೆಗೂ ನಾನು ಬಾಯಿ ತೆರೀಲಿಲ್ಲ.

ಮಾಮಾ ಉಳಿದರು. ಈಗಲೂ ಅಂಗಡಿಗೆ ಹೋಗ್ತಾರೆ. ಅತ್ತಿಗೆ ಮಾತ್ರ ಇವತ್ತಿಗೂ ರೊಟ್ಟಿ ಬಡಿಯೋವಾಗ ಆ ಕೈ ನೋಯ್ತದೆ.

ನಾನು ಬಿ.ಕಾಂ ಓದಿದವನು, ಲೆಕ್ಕ ಹಾಕದೆ ಇರೋಕೆ ಆಗೋದಿಲ್ಲ. ಸ್ವಲ್ಪ ದಿನ ಬಿಟ್ಟು ನನ್ನ ಮತ್ತು ಅತ್ತಿಯ ಫೋನಿನ ಕಾಲ್ ಲಾಗ್ ತೆಗೆದು ಆ ರಾತ್ರಿಯ ಜಮಾ-ಖರ್ಚು ಬರೆದೆ. ನೋವು ಶುರುವಾಗಿದ್ದು 9:40ಕ್ಕೆ. ಮಾಮಾ "ಗ್ಯಾಸ್ ಆಗೇತಿ" ಅಂತ ಸೋಡಾ ತರಿಸಿ ಕುಡಿದರು. ಅತ್ತಿ ನನಗೆ ಫೋನ್ ಹಚ್ಚಿದ್ದು 10:25ಕ್ಕೆ. ಊರಿನ ಆಸ್ಪತ್ರೆ ಮುಟ್ಟಿದ್ದು 10:50ಕ್ಕೆ. ಇಸಿಜಿ, ಮಾತ್ರೆ, "ಗದಗಕ್ಕೆ ಒಯ್ಯಿರಿ" ಅನ್ನೋ ಚೀಟಿ, ಇಷ್ಟು ಮುಗಿದಾಗ 11:15. ಅಲ್ಲಿಂದ ಗಾಡಿ ಹುಡುಕಾಟ. 108ಕ್ಕೆ ಹಚ್ಚಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಪರಿಚಯದವರಿಗೆ, ಪರಿಚಯದವರ ಪರಿಚಯದವರಿಗೆ ಒಂದಾದ ಮೇಲೊಂದು ಕರೆ. ಹೊರಟಿದ್ದು 11:50ಕ್ಕೆ. ಗದಗ ಮುಟ್ಟಿದ್ದು 12:22ಕ್ಕೆ.

ಒಟ್ಟು 162 ನಿಮಿಷ. ಅದರಲ್ಲಿ ಗಾಡಿ ಓಡಿದ್ದು 32 ನಿಮಿಷ. ಉಳಿದ 130 ನಿಮಿಷ ಗಾಡಿಯ ಚಕ್ರವೇ ತಿರುಗಿರಲಿಲ್ಲ. ಸೋಡಾಕ್ಕೆ ಮತ್ತು ತಡ ಮಾಡಿದ್ದಕ್ಕೆ 45, ಗಾಡಿ ಹುಡುಕೋಕೆ 35. ಇಷ್ಟೆಲ್ಲಾ ಕಳೆದುಕೊಂಡ ಮೇಲೆ ನಾನು ಮುಂದಿನ ಸೀಟಿನಲ್ಲಿ ಕೂತು ಏಳೆಂಟು ನಿಮಿಷ ಉಳಿಸೋಕೆ "ಜೋರ್ ಹೊಡೀರಿ" ಅಂತಿದ್ದೆ.

ಈ ಏಳೆಂಟು ನಿಮಿಷದ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದೇ ಮುಖ್ಯ. ಲಕ್ಷ್ಮೇಶ್ವರದಿಂದ ಗದಗ ಸುಮಾರು 40 ಕಿಲೋಮೀಟರ್. ಮುಂಡರಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಶಿರಹಟ್ಟಿ ಇನ್ನೂ ಹತ್ತಿರ. 40 ಕಿಲೋಮೀಟರನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ 40 ನಿಮಿಷ. 80ರಲ್ಲಿ 30 ನಿಮಿಷ. 100ರಲ್ಲಿ 24. 120ರಲ್ಲಿ 20. ಗಮನಿಸಿದ್ರಾ? ಮೊದಲ 20 ಕಿಲೋಮೀಟರ್ ವೇಗ ಏರಿಸಿದಾಗ 10 ನಿಮಿಷ ಉಳೀತು. ಎರಡನೇ 20ಕ್ಕೆ 6. ಮೂರನೇ 20ಕ್ಕೆ ಬರೀ 4. ಪಿಯುಸಿಯಲ್ಲಿ ಎಕನಾಮಿಕ್ಸ್ ಓದಿದವರಿಗೆ ಇಳಿಮುಖ ಸೀಮಾಂತ ತುಷ್ಟಿಗುಣ ನೆನಪಿರಬೇಕು. ಮೊದಲನೇ ಹೋಳಿಗೆಯ ರುಚಿ ಐದನೇ ಹೋಳಿಗೆಗೆ ಇರೋದಿಲ್ಲ ಅಂತ ಮೇಷ್ಟ್ರು ಹೇಳ್ತಿದ್ರಲ್ಲ, ಅದೇ. ಅದೂ ಇದು ಖಾಲಿ ರಸ್ತೆಯ ಲೆಕ್ಕ. ನಡುವೆ ಊರು, ಹಂಪ್ಸು, ಎಮ್ಮೆ, ಕುರಿ ಹಿಂಡು ಬಂದರೆ ಆ 4 ನಿಮಿಷವೂ ಕೈಗೆ ಸಿಗೋದಿಲ್ಲ.

ಲಾಭ ಹೀಗೆ ಇಳೀತಾ ಹೋದರೆ ಅಪಾಯ ಏರ್ತಾ ಹೋಗ್ತದೆ, ಅದೂ ವೇಗದ ವರ್ಗದ ಪ್ರಮಾಣದಲ್ಲಿ. 60ರಿಂದ 120ಕ್ಕೆ ಹೋದರೆ ವೇಗ ಎರಡು ಪಟ್ಟು, ಹೊಡೆತದ ಶಕ್ತಿ ನಾಲ್ಕು ಪಟ್ಟು. ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲೋ ದೂರವೂ ಹಾಗೇ. ಒಣ ರಸ್ತೆ, ಒಳ್ಳೇ ಟೈರ್, ಚಾಲಕನ ಕಾಲು ಒಂದು ಸೆಕೆಂಡಿನಲ್ಲಿ ಬ್ರೇಕಿಗೆ ಹೋಯ್ತು ಅಂತಿಟ್ಟುಕೊಂಡರೂ 60ರಲ್ಲಿ ನಿಲ್ಲೋಕೆ ಸುಮಾರು 37 ಮೀಟರ್ ಬೇಕು, 80ರಲ್ಲಿ 57, 100ರಲ್ಲಿ 83. ಹೆಡ್‌ಲೈಟ್ ಡಿಮ್‌ನಲ್ಲಿದ್ದಾಗ ನಿಮಗೆ ಚೆನ್ನಾಗಿ ಕಾಣೋದು ಸುಮಾರು 50 ಮೀಟರ್. ಅಂದರೆ ಎದುರು ಗಾಡಿ ಬರ್ತಿದೆ ಅಂತ ಡಿಮ್ ಮಾಡಿಕೊಂಡು 100ರಲ್ಲಿ ಹೋಗೋ ಚಾಲಕ, ತನಗೆ ಕಾಣದೇ ಇರೋ ರಸ್ತೆಯ ಮೇಲೆ ಗಾಡಿ ಓಡಿಸ್ತಿದ್ದಾನೆ. ನಮ್ಮ ಕಡೆ ಆ ಕಾಣದ ಜಾಗದಲ್ಲಿ ಏನೇನಿರ್ತದೆ ಅಂತ ನಿಮಗೆ ಗೊತ್ತೇ ಇದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿ, ಅದರ ಸುತ್ತ ದೊಡ್ಡ ಕಲ್ಲು ಇಟ್ಟಿರ್ತಾರೆ. ಹೆಸರಿನ ಒಕ್ಕಣೆ ರಸ್ತೆ ಮೇಲೇ. ಮುಂಡರಗಿ ಕಡೆ ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್‌ಗಳು. ರೈತರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ, ಒಣಗಿಸೋಕೆ ಕಣ ಇಲ್ಲದವರು ಎಲ್ಲಿಗೆ ಹೋಗಬೇಕು? ಆದರೆ ರಸ್ತೆ ಹೀಗಿದೆ ಅನ್ನೋದು ನಿಜ, ಸೈರನ್ ಸದ್ದಿಗೆ ಆ ಕಲ್ಲುಗಳು ಪಕ್ಕಕ್ಕೆ ಸರಿಯೋದಿಲ್ಲ.

ಫೈರ್ ಗಾಡಿಯದು ಇನ್ನೂ ಬೇರೆ ಕಥೆ. 4,500 ಲೀಟರ್ ನೀರು ಅಂದರೆ ನಾಲ್ಕೂವರೆ ಟನ್. ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ತಿರುವಿನಲ್ಲಿ ಆ ನೀರೆಲ್ಲ ಒಂದು ಮಗ್ಗಲಿಗೆ ನುಗ್ತದೆ. ತುಂಬಿದ ಕೊಡಕ್ಕಿಂತ ಅರ್ಧ ತುಂಬಿದ ಕೊಡ ಹೊತ್ತು ನಡೆಯೋದು ಕಷ್ಟ ಅಂತ ನಮ್ಮ ಅವ್ವಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಎರಡು ಘಟನೆ ನೆನಪು ಮಾಡ್ತೀನಿ. ಮೊದಲನೆಯದರ ಸಿಸಿಟಿವಿ ವಿಡಿಯೋ ನಿಮ್ಮಲ್ಲಿ ಬಹಳ ಜನ ಫೋನಿನಲ್ಲಿ ನೋಡಿರ್ತೀರಿ. 2022ರ ಜುಲೈ 20, ಉಡುಪಿ ಜಿಲ್ಲೆ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟ್. ಮಳೆ. ಹೊನ್ನಾವರದಿಂದ ರೋಗಿಯನ್ನು ಕರ್ಕೊಂಡು ಆಂಬುಲೆನ್ಸ್ ಬರ್ತಿತ್ತು. ಟೋಲ್ ಸಿಬ್ಬಂದಿ ಅದನ್ನ ದೂರದಿಂದಲೇ ನೋಡಿ, ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ತೆಗೆಯೋಕೆ ಓಡಿದರು. ದಾರಿಯಲ್ಲಿ ಒಂದು ದನ. ಗಾಡಿ ಒದ್ದೆ ನೆಲದ ಮೇಲೆ ಜಾರಿ, ಗಿರ್ರನೆ ತಿರುಗಿ ಟೋಲ್ ಕಟ್ಟೆಗೆ ಅಪ್ಪಳಿಸಿತು. ಆಂಬುಲೆನ್ಸ್ ಒಳಗಿದ್ದ ನಾಲ್ವರು ತೀರಿಕೊಂಡರು. ಅಲ್ಲಿ ಯಾರೂ ದಾರಿ ತಡೆದಿರಲಿಲ್ಲ. ಎಲ್ಲರೂ ದಾರಿ ಬಿಡೋಕೇ ಓಡ್ತಿದ್ದರು. ನಿಲ್ಲೋ ದೂರ ಮಾತ್ರ ಸಾಲಲಿಲ್ಲ.

ಎರಡನೆಯದು 2025ರ ನವೆಂಬರ್ 1, ರಾಜ್ಯೋತ್ಸವದ ರಾತ್ರಿ, ಬೆಂಗಳೂರಿನ ರಿಚ್ಮಂಡ್ ಸರ್ಕಲ್. ಸಿಗ್ನಲ್‌ನಲ್ಲಿ ನುಗ್ಗಿದ ಆಂಬುಲೆನ್ಸ್ ದ್ವಿಚಕ್ರ ವಾಹನಗಳಿಗೆ ಗುದ್ದಿ, ಗಂಡ ಹೆಂಡತಿ ಇಬ್ಬರೂ ಸತ್ತರು. ಅವರು ಆ ಗಾಡಿ ಕರೆದವರಲ್ಲ, ಅದರೊಳಗೆ ಇದ್ದವರೂ ಅಲ್ಲ.

ಅಮೆರಿಕದಲ್ಲಿ 1992ರಿಂದ 2011ರವರೆಗಿನ ಆಂಬುಲೆನ್ಸ್ ಅಪಘಾತಗಳ ಸಾವುಗಳನ್ನ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಎಣಿಸಿತ್ತು. ಸತ್ತವರಲ್ಲಿ 63 ಪರ್ಸೆಂಟ್ ಮಂದಿ ಎದುರಿನ ಅಥವಾ ಪಕ್ಕದ ಬೇರೆ ಗಾಡಿಯಲ್ಲಿ ಇದ್ದವರು. ಆಂಬುಲೆನ್ಸ್ ಚಾಲಕರು 4 ಪರ್ಸೆಂಟ್ ಮಾತ್ರ. ಅಲ್ಲಿಯದೇ ಇನ್ನೊಂದು ಅಧ್ಯಯನ, 2019ರದ್ದು. ರೋಗಿಯನ್ನು ಒಯ್ಯೋವಾಗ ಸೈರನ್-ಲೈಟ್ ಹಾಕದೆ ಹೋದ 1 ಲಕ್ಷ ಪ್ರಯಾಣಕ್ಕೆ 7 ಅಪಘಾತ. ಹಾಕಿ ಹೋದಾಗ 17. ಅಲ್ಲಿ ರಸ್ತೆ ಬೇರೆ, ಗಾಡಿ ಬೇರೆ, ಅಂಕಿ ನಮಗೆ ಹಾಗೇ ಅನ್ವಯಿಸೋದಿಲ್ಲ ಅನ್ನಿ. ಆದರೂ ಎರಡೂವರೆ ಪಟ್ಟು ಅಂದರೆ ಸಣ್ಣ ಮಾತಲ್ಲ.

ಇನ್ನು ಕಾನೂನು. ದಾರಿ ಬಿಡದವರಿಗೆ ದಂಡ ಅನ್ನೋದು ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಇ ಕಲಂ ಸೇರಿತು. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ₹10,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ನಮ್ಮ ಮೇಲಿನ ಹೊಣೆ. ಚಾಲಕರ ಮೇಲಿನ ಹೊಣೆ 2017ರ ಮೋಟಾರು ವಾಹನ ಚಾಲನಾ ವಿನಿಯಮಗಳಲ್ಲಿ ಇದೆ, ಅದನ್ನ ಯಾರೂ ಸ್ಟೇಟಸ್ ಹಾಕಿಕೊಳ್ಳೋದಿಲ್ಲ. ಅದರ ಪ್ರಕಾರ ಮೊದಲ ಆದ್ಯತೆ ಅಗ್ನಿಶಾಮಕ ವಾಹನಕ್ಕೆ, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್, ಆಮೇಲೆ ನೀರು-ಕರೆಂಟಿನಂಥ ಸೇವೆಯ ಗಾಡಿಗಳು. ಇವು ಕೆಂಪು ಸಿಗ್ನಲ್ ದಾಟಬಹುದು, ವೇಗದ ಮಿತಿ ಮೀರಬಹುದು. ಆದರೆ ಯಾವಾಗ? ಜೀವ ಉಳಿಸೋದು, ಬೆಂಕಿ ಆರಿಸೋದು, ಅಂಥ ನಿಜವಾದ ತುರ್ತು ಇದ್ದಾಗ. ಸೈರನ್ ಮತ್ತು ಲೈಟ್ ಹಾಕಿ, ತುರ್ತು ಇದೆ ಅಂತ ಎಲ್ಲರಿಗೂ ಗೊತ್ತಾಗುವಂತೆ ಮಾಡಿದಾಗ. ಅದೂ ಎಚ್ಚರ ಮತ್ತು ಜವಾಬ್ದಾರಿಯಿಂದ. ರೋಗಿಯನ್ನು ಇಳಿಸಿ, ಖಾಲಿ ಗಾಡಿ ತಗೊಂಡು, ಚಹಾ ಕುಡಿಯೋಕೆ ಊರಿಗೆ ಹಿಂದಿರುಗೋವಾಗ ಹಾಕೋ ಸೈರನ್‌ಗೆ ಈ ರಿಯಾಯ್ತಿ ಇಲ್ಲ. ಆಗ ಅದು ಬೇರೆ ಎಲ್ಲಾ ಗಾಡಿಗಳ ಹಾಗೇ ಒಂದು ಗಾಡಿ. 2018ರಲ್ಲಿ ಕೇಂದ್ರ ನಿಗದಿ ಮಾಡಿದ ಗರಿಷ್ಠ ಮಿತಿ ನೋಡಿದರೆ ಕಾರಿನ ವರ್ಗದ ವಾಹನಗಳಿಗೆ ಊರೊಳಗೆ 70, ನಾಲ್ಕು ಪಥದ ಹೆದ್ದಾರಿ ಅಲ್ಲದ ಉಳಿದ ರಸ್ತೆಗಳಲ್ಲೂ 70. ಲಕ್ಷ್ಮೇಶ್ವರ ರಸ್ತೆ ಈ ಕೊನೆಯ ಲೆಕ್ಕಕ್ಕೇ ಬರೋದು.

ಮತ್ತೆ, ವೇಗದ ಮಿತಿಯಿಂದ ವಿನಾಯ್ತಿ ಸಿಕ್ಕಿತು ಅಂದರೆ ನಿರ್ಲಕ್ಷ್ಯದ ಕೇಸಿನಿಂದ ವಿನಾಯ್ತಿ ಸಿಕ್ಕಿತು ಅಂತ ಅರ್ಥ ಅಲ್ಲ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಐದು ವರ್ಷದವರೆಗೆ ಜೈಲು. ಅದು ಆಂಬುಲೆನ್ಸ್ ಚಾಲಕರಿಗೂ ಅನ್ವಯಿಸ್ತದೆ. "ಜೋರ್ ಹೊಡೀರಿ" ಅಂದ ನನಗೆ ಅನ್ವಯಿಸೋದಿಲ್ಲ. ಇದರ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೀನಿ.

ತರಬೇತಿ ಬಗ್ಗೆ ಹೇಳದಿದ್ದರೆ ಚಾಲಕರಿಗೆ ಅನ್ಯಾಯ ಆಗ್ತದೆ. ಆಂಬುಲೆನ್ಸ್ ಓಡಿಸೋಕೆ ಅಂತ ನಮ್ಮ ದೇಶದಲ್ಲಿ ಬೇರೆ ಲೈಸೆನ್ಸ್ ಇಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು: ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕಿಲೋ ತೂಕದೊಳಗಿನ ಸಾರಿಗೆ ವಾಹನ ಓಡಿಸಬಹುದು, ಅದಕ್ಕೆ ಪ್ರತ್ಯೇಕ ಅನುಮತಿ ಬೇಡ. ಟೆಂಪೋ, ಟ್ಯಾಕ್ಸಿ ಓಡಿಸಿ ಬದುಕೋ ಲಕ್ಷಗಟ್ಟಲೆ ಮಂದಿಗೆ ಅದು ಒಳ್ಳೇ ಸುದ್ದಿ. ಆದರೆ ನಾವು ನೋಡೋ ಸಾಮಾನ್ಯ ಆಂಬುಲೆನ್ಸ್‌ಗಳೂ ಆ ತೂಕದೊಳಗೇ ಬರ್ತಾವೆ. ಅಂದರೆ ನಿನ್ನೆ ಕಾರು ಕಲಿತ ಹುಡುಗ ಇವತ್ತು ಸೈರನ್ ಹಾಕಿಕೊಂಡು ಹೊರಡಬಹುದು. ಬ್ರಿಟನ್‌ನಲ್ಲಿ ಆಂಬುಲೆನ್ಸ್ ಚಾಲಕರಿಗೆ ತುರ್ತು ಚಾಲನೆ ಅಂತಲೇ ವಾರಗಟ್ಟಲೆ ಕೋರ್ಸ್ ಇದೆ, ಪರೀಕ್ಷೆ ಇದೆ. ಕೆಂಪು ಸಿಗ್ನಲ್ ಬಂದರೆ ಬೇರೆಯವರು ನಿಂತಿದ್ದಾರಾ ಅಂತ ಖಾತ್ರಿ ಮಾಡಿಕೊಂಡೇ ದಾಟಬೇಕು ಅನ್ನೋದು ಅಲ್ಲಿಯ ಪಾಠ.

ನಮ್ಮಲ್ಲಿ 2008ರ ನವೆಂಬರ್ 1ರಂದು ಆರೋಗ್ಯ ಕವಚ 108 ಶುರುವಾದಾಗಿನಿಂದ ಒಂದು ವ್ಯವಸ್ಥೆ ಬಂತು. ಚಾಲಕನ ಜೊತೆ ಹಿಂದೆ ಒಬ್ಬ ತುರ್ತು ಚಿಕಿತ್ಸಾ ತಂತ್ರಜ್ಞ ಇರ್ತಾರೆ, ಚಾಲಕನಿಗೆ ಪೈಲಟ್ ಅಂತಲೇ ಹೆಸರು. ಆ ತಂತ್ರಜ್ಞರು ಎದ್ದು ನಿಂತು ಇಂಜೆಕ್ಷನ್ ಕೊಡಬೇಕು, ಎದೆ ಒತ್ತಬೇಕು. ಬೆಲ್ಟ್ ಹಾಕಿಕೊಂಡು ಅದನ್ನ ಮಾಡೋಕಾಗೋದಿಲ್ಲ. ಮುಂದೆ ಪೈಲಟ್ 110ರಲ್ಲಿ ಹೋದರೆ ಹಿಂದೆ ಚಿಕಿತ್ಸೆ ನಿಂತೇಹೋಗ್ತದೆ. ಹನ್ನೆರಡು ತಾಸಿನ ಪಾಳಿ, ಸಂಬಳ ಬಾಕಿ ಅಂತ ಈ ಸಿಬ್ಬಂದಿ ಮತ್ತೆ ಮತ್ತೆ ಮುಷ್ಕರಕ್ಕೆ ಇಳಿದಿದ್ದು ನೀವೂ ಓದಿದ್ದೀರಿ. ನಿದ್ದೆಗೆಟ್ಟವನ ಕಾಲು ಒಂದು ಸೆಕೆಂಡಿನಲ್ಲಿ ಬ್ರೇಕಿಗೆ ಹೋಗೋದಿಲ್ಲ.

"ಹಂಗಾದ್ರ ಝೀರೋ ಟ್ರಾಫಿಕ್ ಮಾಡ್ತಾರಲ್ಲ, ಅದೇನು?" ಅಂತ ಕೇಳ್ತೀರಿ. ಒಳ್ಳೇ ಪ್ರಶ್ನೆ. 2020ರ ಫೆಬ್ರುವರಿಯಲ್ಲಿ 40 ದಿನದ ಕೂಸನ್ನ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ತಾಸಿನೊಳಗೆ ಒಯ್ದಿದ್ದರು, ಇಡೀ ರಾಜ್ಯ ಮೊಬೈಲ್‌ನಲ್ಲಿ ನೋಡ್ತಾ ಇತ್ತು. ಅದರ ಸರಾಸರಿ ತೆಗೀರಿ. ಸುಮಾರು 350 ಕಿಲೋಮೀಟರ್, ನಾಲ್ಕು ತಾಸು ಇಪ್ಪತ್ತು ನಿಮಿಷ. ಗಂಟೆಗೆ 80ರ ಆಚೆ-ಈಚೆ ಬರ್ತದೆ! ಅಷ್ಟು ದೊಡ್ಡ ಸುದ್ದಿಯಾದ ಓಟದ ಸರಾಸರಿ ಅಷ್ಟೇ. ಊರೂರಿನಲ್ಲಿ ಪೊಲೀಸರು, ಜನ ಸೇರಿ ಅಡ್ಡರಸ್ತೆ ತಡೆದು ನಿಂತಿದ್ದರಿಂದ ಗಾಡಿ ಎಲ್ಲೂ ನಿಲ್ಲಬೇಕಾಗಲಿಲ್ಲ. ನಮ್ಮ ಮಾಮಾನ ಗಾಡಿ 110 ಮುಟ್ಟಿಯೂ 32 ನಿಮಿಷ ತಗೊಂಡಿತು, ಅಂದರೆ ಸರಾಸರಿ 75.

ಹಾಗಾದರೆ ನಿಮಿಷ ಉಳಿಯೋದು ಎಲ್ಲಿ? ನನ್ನ ಲೆಕ್ಕದ ಪುಸ್ತಕದಲ್ಲಿ ದೊಡ್ಡ ಖರ್ಚು ಇದ್ದಿದ್ದು ಹೊರಡೋ ಮೊದಲೇ. ಎದೆನೋವಿಗೆ ಸೋಡಾ ಬೇಡ, ಮೊದಲನೇ ಕರೆಯೇ 108ಕ್ಕೆ. ಇನ್ನೊಂದು, ಚಿಕಿತ್ಸೆಯೇ ಹತ್ತಿರ ಬರೋದು. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರು ಹೌದಂದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡೋದು. ಸಾವಿರಾರು ರೂಪಾಯಿಯ ಇಂಜೆಕ್ಷನ್ ಅದು. ಅದು ಸಿಕ್ಕ ರೋಗಿಗೆ ಮುಂದಿನ 40 ಕಿಲೋಮೀಟರ್ 30 ನಿಮಿಷಕ್ಕೋ 36 ನಿಮಿಷಕ್ಕೋ ಅನ್ನೋ ಚಿಂತೆ ಬಹಳ ಕಡಿಮೆಯಾಗ್ತದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಆರಾಮ ಇದ್ದಾಗಲೇ ಹೋಗಿ ಕೇಳಿಟ್ಟುಕೊಳ್ರಿ. ರಾತ್ರಿ ಹನ್ನೊಂದಕ್ಕೆ ಕೇಳೋ ಪ್ರಶ್ನೆ ಅಲ್ಲ ಅದು.

ರಸ್ತೆ ಮೇಲೆ ಇದ್ದಾಗ ನಮ್ಮ ಕೆಲಸ ಸಣ್ಣದು. ಸೈರನ್ ಕೇಳಿದರೆ ಎಡಕ್ಕೆ ಸರಿದು ನಿಧಾನ ಮಾಡೋದು. ನಟ್ಟನಡು ರಸ್ತೆಯಲ್ಲಿ ಗಾಬರಿಬಿದ್ದು ಬ್ರೇಕ್ ಹಾಕಬಾರದು. ಆಂಬುಲೆನ್ಸ್ ಹಿಂದೆ ಅಂಟಿಕೊಂಡು ಬೈಕ್ ಬಿಡೋದು ಕೂಡ ತಪ್ಪು, ಅದು ಯಾವಾಗ ಬ್ರೇಕ್ ಹಾಕ್ತದೆ ಅಂತ ನಿಮಗೆ ಗೊತ್ತಾಗೋದಿಲ್ಲ. ಇನ್ನು ಆ ಇಯರ್‌ಫೋನ್. ಕಿಟಕಿ ಏರಿಸಿ ಎಸಿ, ಹಾಡು ಹಾಕಿದ ಕಾರಿನಲ್ಲೇ ಸೈರನ್ ಬಹಳ ತಡವಾಗಿ ಕೇಳ್ತದೆ. ಬೆಟಗೇರಿ ಪ್ಯಾಟಿಯಂಥ ಇಕ್ಕಟ್ಟಿನಲ್ಲಿ ಸದ್ದು ಗೋಡೆಗೆ ಬಡಿದು ಬರ್ತದೆ, ಯಾವ ದಿಕ್ಕಿನಿಂದ ಬಂತು ಅಂತ ಬರೀ ಕಿವಿಗೇ ಗೊತ್ತಾಗೋದು ಕಷ್ಟ. ಎರಡೂ ಕಿವಿ ಮುಚ್ಚಿಕೊಂಡವನಿಗೆ ಗಾಡಿ ಪಕ್ಕಕ್ಕೆ ಬಂದ ಮೇಲೆಯೇ ಗೊತ್ತಾಗೋದು. ಆಗ ಅವನು ಬೆಚ್ಚಿ ಬಲಕ್ಕೂ ಹೊರಳಬಹುದು.

ಹೋದ ತಿಂಗಳು ನಮ್ಮ ಓಣಿಯ ಅಜ್ಜ ಒಬ್ಬರನ್ನ ಇದೇ ರಸ್ತೆಯಲ್ಲಿ ಗದಗಕ್ಕೆ ಕರ್ಕೊಂಡು ಹೋದೆ. ಈ ಸಲ ನಾನು ಹಿಂದೆ ಕೂತಿದ್ದೆ, ಬೆಲ್ಟ್ ಹುಡುಕಿ ಹಾಕಿಕೊಂಡೆ. ಅಜ್ಜನ ಮಗ ಮುಂದೆ ಕೂತಿದ್ದ. ಮಾಗಡಿ ಹತ್ತಿರ ಅವನು "ಅಣ್ಣಾರ, ಜರಾ..." ಅಂತ ಶುರು ಮಾಡಿದ. ನಾನು ಹಿಂದಿನಿಂದ ಕೈ ಚಾಚಿ ಅವನ ಭುಜ ಹಿಡಿದೆ. ಗಾಡಿ 75ರಲ್ಲೇ ಹೋಯ್ತು.

ಈ ವಾರ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಕೊನೆಯ ಸಲ ಆಂಬುಲೆನ್ಸ್ ಬೇಕಾದಾಗಿನ ಕಾಲ್ ಲಾಗ್ ಇದ್ದರೆ ತೆಗೆದು ನೋಡ್ರಿ. ತ್ರಾಸು ಶುರುವಾಗಿದ್ದು ಎಷ್ಟಕ್ಕೆ, ಮೊದಲ ಕರೆ ಯಾರಿಗೆ, ಗಾಡಿ ಹೊರಟಿದ್ದು ಎಷ್ಟಕ್ಕೆ. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಬೇಡ, ಬರೀ ನಿಮಿಷಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸ್ರಿ. ಮುಂಡರಗಿ, ಶಿರಹಟ್ಟಿ ಕಡೆಯವರು ತಪ್ಪದೆ ಕಳಿಸ್ರಿ, ನನ್ನ ಹತ್ತಿರ ಇರೋದು ಲಕ್ಷ್ಮೇಶ್ವರದ ಲೆಕ್ಕ ಮಾತ್ರ. ಮುಂದಿನ ಎಪಿಸೋಡಿನಲ್ಲಿ ಎಲ್ಲಾ ಸೇರಿಸಿ ನೋಡೋಣ. ಬರ್ತೀನ್ರಿ.